ಎಷ್ಟು ಪ್ರತಿ ಇಟ್ಟರೆ ಸಾಕು?

ಏಷ್ಯಾದ ಮೊದಲ ಸಹಕಾರ ಸಂಘವೆಂದು ಹೆಸರಾದದ್ದು ಗದಗ ತಾಲ್ಲೂಕಿನ ಕಣಗಿನಹಾಳದ ಕೃಷಿ ಪತ್ತಿನ ಸಂಘ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅದನ್ನು ಕಟ್ಟಿದಾಗ ಲೆಕ್ಕವೆಲ್ಲ ಕಿರ್ದಿ, ಖತಾವಣಿಗಳ ಕೈಬರಹ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಂಥ 63,000 ಸೊಸೈಟಿಗಳನ್ನು ಕ್ಲೌಡ್ ಆಧಾರಿತ ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಖತಾವಣಿ ಕ್ಲೌಡಿಗೆ ಹೋದರೆ ಅದರ ಬ್ಯಾಕಪ್ಪೂ ಆಗಬೇಕು. ನಿನ್ನೆಯ ಲೆಕ್ಕಕ್ಕೂ ಇಂದಿನದಕ್ಕೂ ವ್ಯತ್ಯಾಸ ನಾಲ್ಕಾರು ಸಾಲ ಮರುಪಾವತಿಯಷ್ಟೇ. ಹಾಗಿದ್ದರೆ ದಿನಾ ಇಡೀ ಲೆಕ್ಕವನ್ನು ಯಾಕೆ ತುಂಬಿಡಬೇಕು?

ಇದಕ್ಕೆ ಇರುವ ಉಪಾಯ ಡಿಡುಪ್ಲಿಕೇಶನ್. ಕಡತವನ್ನು ತುಂಡರಿಸಿ ಪ್ರತಿ ತುಣುಕಿಗೂ ಗಣಿತದ ಬೆರಳಚ್ಚು ತೆಗೆಯುತ್ತಾರೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 256 ಬಿಟ್ ಉದ್ದ. ಅದೇ ಬೆರಳಚ್ಚು ಮೊದಲೇ ದಾಖಲಾಗಿದ್ದರೆ ತುಣುಕನ್ನು ಬಿಟ್ಟು ಅದರ ವಿಳಾಸವನ್ನಷ್ಟೇ ಬರೆದುಕೊಂಡರಾಯಿತು.

ಜಾಣತನವಿರುವುದು ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ. ಸದಸ್ಯರ ಪಟ್ಟಿಯ ನಡುವೆ ಒಂದು ಹೊಸ ಹೆಸರು ಸೇರಿತು ಅನ್ನಿ. ಸಮ ಅಳತೆಯಲ್ಲಿ ಕತ್ತರಿಸಿದ್ದರೆ ಅಲ್ಲಿಂದ ಮುಂದಿನದೆಲ್ಲ ಸರಿದು ಪ್ರತಿ ತುಣುಕೂ ಹೊಸದಾಗಿ ಕಾಣುತ್ತದೆ, ಅಲ್ಲಿಂದಾಚೆ ಉಳಿತಾಯ ಸೊನ್ನೆ. ಅಮೆರಿಕದ ಎಂಐಟಿ ಸಂಶೋಧಕರು 2001ರಲ್ಲಿ ವಿವರಿಸಿದ ಕಡತ ವ್ಯವಸ್ಥೆಯೊಂದು ಅಳತೆ ಬಿಟ್ಟು ಒಳಗಿನ ಬರಹವನ್ನೇ ನೋಡುತ್ತದೆ. 48 ಬೈಟ್‌ಗಳ ಕಿಂಡಿಯೊಂದು ಕಡತದ ಮೇಲೆ ಸರಿಯುತ್ತ ಹೋಗುತ್ತದೆ. ಕಿಂಡಿಯೊಳಗಿನ ಬೈಟ್‌ಗಳಿಂದ ಹಾಕಿದ ಲೆಕ್ಕದ ಕೊನೆಯ 13 ಬಿಟ್‌ಗಳು ಗೊತ್ತುಮಾಡಿದ ಸಂಖ್ಯೆಗೆ ಹೊಂದಿದಲ್ಲಿ ಗಡಿ. ತುಣುಕುಗಳು ಸರಾಸರಿ 8 ಕಿಲೋಬೈಟ್ ಆಗುತ್ತವೆ. ಹೊಸ ಹೆಸರು ಬಂದರೆ ಕೆಡುವುದು ಒಂದೆರಡು ತುಣುಕು, ಮುಂದಿನ ಗಡಿಗಳು ಇದ್ದಲ್ಲೇ ಸಿಗುತ್ತವೆ.

ಆದರೆ ಒಂದೇ ಪಹಣಿಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಈ ಯಂತ್ರ ಗುರುತಿಸದು. ಕಾಗದ ಕೂದಲೆಳೆಯಷ್ಟು ಓರೆಯಾದರೂ ಬೈಟ್‌ಗಳು ಬೇರೆ. ನಮ್ಮ ಕಣ್ಣಿಗೆ ನಕಲು, ಅದಕ್ಕೆ ಎರಡು ಅಸಲು! ಹೀಗಾಗಿ ಕಾಗದದ ರಾಶಿಯನ್ನು ಸ್ಕ್ಯಾನ್ ಮಾಡಿ ತುಂಬಿದ ಕಚೇರಿಗಳು ಇದರಿಂದ ದೊಡ್ಡ ಉಳಿತಾಯ ನಿರೀಕ್ಷಿಸಬಾರದು.

ಕ್ಲೌಡ್ ಎಂದರೆ ನೂರಾರು ಯಂತ್ರ. ಒಂದು ತುಣುಕು ಬಂದಾಗ ಎಲ್ಲವನ್ನೂ ಕೇಳುತ್ತ ಕೂತರೆ ಕೆಲಸ ಸಾಗದು. ಬೆರಳಚ್ಚಿನ ಮೊದಲ ಅಂಕಿಗಳನ್ನು ನೋಡಿಯೇ ಯಂತ್ರವನ್ನು ಗೊತ್ತುಮಾಡುವುದು ಒಂದು ರೂಢಿ. ಮುಂಡರಗಿಯಿಂದ ಬರಲಿ, ಶಿರಹಟ್ಟಿಯಿಂದ ಬರಲಿ, ಒಂದೇ ತುಣುಕು ಒಂದೇ ಮನೆಗೆ ಹೋಗುತ್ತದೆ. ಇದಕ್ಕೆ ದಂಡವೂ ಉಂಟು: ಕಡತ ಮರಳಿ ಬೇಕಾದಾಗ ಹತ್ತಾರು ಯಂತ್ರಗಳಿಂದ ಚೂರು ಆಯ್ದು ತರಬೇಕು.

ಇನ್ನೊಂದು ಅಪಾಯ, ಒಂದೇ ತುಣುಕನ್ನು ನೂರು ಕಡತಗಳು ನೆಚ್ಚಿರುತ್ತವೆ. ಅದು ಹೋದರೆ ನೂರೂ ಹೋದವು. ಆದ್ದರಿಂದ ಬೇಡದ ನಕಲು ತೆಗೆದ ಮೇಲೆ ಬೇಕಾದ ನಕಲನ್ನು ಬೇಕೆಂದೇ ಇಡುತ್ತಾರೆ: ಬೇರೆ ಬೇರೆ ಯಂತ್ರಗಳಲ್ಲಿ ಮೂರು ಪ್ರತಿ, ಅಥವಾ 1960ರ ರೀಡ್-ಸಾಲೊಮನ್ ಗಣಿತ. ಹತ್ತು ಭಾಗಕ್ಕೆ ನಾಲ್ಕು ಹೆಚ್ಚುವರಿ ಭಾಗ ಸೇರಿಸಿದರೆ ಹದಿನಾಲ್ಕರಲ್ಲಿ ಯಾವ ನಾಲ್ಕು ಹಾಳಾದರೂ ಉಳಿದದ್ದರಿಂದ ಪೂರ್ತಿ ಮರಳಿ ಪಡೆಯಬಹುದು. ಜಾಗ ಮೂರು ಪಟ್ಟಿನ ಬದಲು 1.4 ಪಟ್ಟು.

ಅಳಿಸುವುದಂತೂ ಉಳಿಸುವುದಕ್ಕಿಂತ ತ್ರಾಸಿನ ಕೆಲಸ. ಸಾಲ ತೀರಿತೆಂದು ಒಬ್ಬರ ಕಡತ ತೆಗೆದಾಗ ಅದರ ತುಣುಕು ಇನ್ನೊಬ್ಬರ ಕಡತದಲ್ಲೂ ಇರಬಹುದು. ತೆಗೆಯುವ ಹೊತ್ತಿಗೇ ಮತ್ತೊಂದು ಯಂತ್ರ ಅದನ್ನು ನೆಚ್ಚಿ ವಿಳಾಸ ಬರೆಯುತ್ತಿರಬಹುದು. ಹಾಗಾಗಿ ಯಾರಿಗೂ ಬೇಡವಾದ ತುಣುಕಿಗೆ ಮೊದಲು ಗುರುತು ಹಾಕಿ, ಕೆಲಕಾಲ ಬಿಟ್ಟು, ಮತ್ತೊಮ್ಮೆ ಎಣಿಸಿ ನೋಡಿಯೇ ಅಳಿಸುತ್ತಾರೆ.