ಡಿಗ್ರಿಯೋ, ಡಿಗ್ರಿಗೋ?

ಹಿಂದೊಮ್ಮೆ ರೇಷ್ಮೆ ಬೆಳೆಗಾರರಿಗಾಗಿ ಕರಪತ್ರವೊಂದನ್ನು ಸಿದ್ಧಪಡಿಸುವಾಗ, ಐದನೆಯ ಹಂತದ ಹುಳುಗಳಿಗೆ ಮನೆಯ ಉಷ್ಣತೆಯನ್ನು "24 ಡಿಗ್ರಿ ಇಳಿಸಬೇಕು" ಎಂದು ಬರೆದುಬಿಟ್ಟಿದ್ದೆ. ಕರಡನ್ನು ಓದಿದ ರೈತರೊಬ್ಬರು, 28ರಲ್ಲಿ 24 ಕಳೆದರೆ ಉಳಿಯುವುದು 4, ಹುಳುವಿಗೆ ಕಂಬಳಿ ಹೊದಿಸಬೇಕೇ ಎಂದು ಕೇಳಿದರು. ನಾನು ಬಿಟ್ಟದ್ದು "ಗೆ" ಎಂಬ ಒಂದೇ ಅಕ್ಷರ!

"24 ಡಿಗ್ರಿಗೆ ಇಳಿಸಿ" ಎಂದರೆ ಮುಟ್ಟಬೇಕಾದ ಮಟ್ಟ. "4 ಡಿಗ್ರಿ ಇಳಿಸಿ" ಎಂದರೆ ಆಗಬೇಕಾದ ವ್ಯತ್ಯಾಸ. ಚಾಕಿ ಹುಳುವಿಗೆ ಶಾಖ, ತೇವ ಎರಡೂ ಹೆಚ್ಚು ಬೇಕು. ಮೊದಲ ಹಂತದಲ್ಲಿ ಸುಮಾರು 28 ಡಿಗ್ರಿ ಸೆಲ್ಸಿಯಸ್ ಇಟ್ಟು, ಪ್ರತಿ ಜ್ವರ ಕಳೆದಂತೆ ಒಂದೊಂದು ಡಿಗ್ರಿ ತಗ್ಗಿಸುತ್ತ ಬಂದರೆ, ನಾಲ್ಕು ಜ್ವರ ಮುಗಿಯುವಷ್ಟರಲ್ಲಿ 24ಕ್ಕೆ ಬಂದಿರುತ್ತದೆ. (ಹುಳುವಿನ ಈ "ಜ್ವರ"ದಲ್ಲಿ ಮೈ ಬಿಸಿಯೇರುವುದಿಲ್ಲ, ಅದು ಪೊರೆ ಬಿಡುವ ನಿದ್ದೆಯಷ್ಟೆ.) ದೊಡ್ಡ ಹುಳುವಿಗೆ ಸೆಕೆ ಹೆಚ್ಚಾದರೆ ಹಾಲುತೊಂಡೆ, ಸಪ್ಪೆ ರೋಗಗಳಿಗೆ ದಾರಿಯಾಗುತ್ತದೆ. ಆದ್ದರಿಂದ ಮಾತು ತಪ್ಪಿದರೆ ಬೆಳೆಯೇ ತಪ್ಪೀತು.

ಫ್ಯಾರನ್‌ಹೀಟ್ ಮಾಪಕ ಇಟ್ಟುಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸುವ ಲೆಕ್ಕ ಮಟ್ಟಕ್ಕೆ ಮಾತ್ರ ಸಲ್ಲುತ್ತದೆ. 28 ಡಿಗ್ರಿ ಸೆಲ್ಸಿಯಸ್ ಎಂದರೆ 82.4 ಡಿಗ್ರಿ ಫ್ಯಾರನ್‌ಹೀಟ್. 24 ಎಂದರೆ 75.2. ಇವೆರಡರ ಅಂತರ 7.2. ಅಂತರಕ್ಕೂ 32 ಕೂಡಿಸಿದವರು 4 ಡಿಗ್ರಿ ಇಳಿಸುವ ಬದಲು 39 ಡಿಗ್ರಿ ಇಳಿಸಲು ಹೊರಟಾರು!

ಉಷ್ಣತೆ ಶೇಕಡಾ ಇಷ್ಟು ಏರಿತು ಎನ್ನುವುದೂ ಸಲ್ಲದು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವೇ ಹೊರತು ಶಾಖವೇ ಇಲ್ಲದ ಸ್ಥಿತಿಯಲ್ಲ. 40 ಡಿಗ್ರಿಯು 20ರ ಎರಡರಷ್ಟು ಬಿಸಿಯಾಗಿದ್ದರೆ, ಅವೇ ಫ್ಯಾರನ್‌ಹೀಟ್‌ನಲ್ಲಿ 104 ಮತ್ತು 68 ಆಗುತ್ತಿದ್ದವೇ?

ಶೇಕಡಾ ಲೆಕ್ಕ ಬರುವುದು ಗಾಳಿಯ ತೇವಾಂಶಕ್ಕೆ. ಅಲ್ಲೂ "ಗೆ" ಇದ್ದಂತೆ "ಕ್ಕೆ" ಇದೆ. ಕೊನೆಯ ಹಂತದಲ್ಲಿ ತೇವಾಂಶ ಶೇಕಡಾ 70ಕ್ಕೆ ಬರಬೇಕು, ಶೇಕಡಾ 70ರಷ್ಟು ಇಳಿಯಬೇಕಾಗಿಲ್ಲ. ಸೆಕೆಗೆಂದು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುವವರು ಉಷ್ಣತೆ ಇಳಿದಾಗ ತೇವಾಂಶ ಏರುವುದನ್ನು ಮರೆಯಬಾರದು, ಗಾಳಿ ಆಡುವಂತಿರಲಿ.

ಮಾಪಕವನ್ನು ಒಲೆಯ ಬಳಿಯಾಗಲಿ ಸೂರಿನಡಿಯಾಗಲಿ ತೂಗುಹಾಕದೆ ತಟ್ಟೆಗಳ ಮಟ್ಟದಲ್ಲಿಡಿ. ಸಲಹೆ ಕೇಳುವಾಗ "ನಾಲ್ಕು ಡಿಗ್ರಿ ಏರಿದೆ" ಎಂದಷ್ಟೇ ಹೇಳದೆ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ಹೊತ್ತಿನಲ್ಲಿ, ಯಾವ ಮಾಪಕದಲ್ಲಿ ಎಂಬುದನ್ನು ತಿಳಿಸಿ.