ಮನೆಯ ಫೋನಿಗೆ ಮಕ್ಕಳೇ ಮಾಷ್ಟ್ರು

ದಕ್ಷಿಣ ಕನ್ನಡದ ಮಾಣಿಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ, ಇನ್ನೊಂದು ಪುತ್ತೂರು, ಮಡಿಕೇರಿ ದಾಟಿ ಮೈಸೂರಿಗೆ. ಸುತ್ತಲಿನ ಹಳ್ಳಿಗಳಲ್ಲಿ ಅಡಿಕೆ ಮಾರಿದ ಹಣ, ಬೀಡಿ ಕಟ್ಟಿದ ಮಜೂರಿ, ಗಲ್ಫಿನಿಂದ ಮಗ ಕಳಿಸುವ ದುಡ್ಡು ಈಗ ಬ್ಯಾಂಕ್ ಖಾತೆಗೆ ಬೀಳುತ್ತದೆ. ಬಿತ್ತೋ ಇಲ್ಲವೋ ಎಂದು ಫೋನು ನೋಡಿ ಹೇಳುವವರು ಎಷ್ಟೋ ಮನೆಗಳಲ್ಲಿ ಏಳನೆಯದೋ ಎಂಟನೆಯದೋ ತರಗತಿಯ ಮಕ್ಕಳು. ಅಜ್ಜನ ಪಿನ್ ಅಜ್ಜನಿಗಿಂತ ಮೊಮ್ಮಗಳಿಗೇ ಚೆನ್ನಾಗಿ ನೆನಪಿರುತ್ತದೆ.

ಹಾಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲೆಗಳಲ್ಲಿ ಆನ್‌ಲೈನ್ ಸುರಕ್ಷತೆಯ ಪಾಠವೆಂದರೆ ಅದು ಮಗುವಿಗಷ್ಟೇ ಅಲ್ಲ, ಇಡೀ ಮನೆಗೆ.

‘ಮೊಬೈಲ್ ಮುಟ್ಟಬೇಡಿ’ ಎಂಬ ಉಪದೇಶಕ್ಕೆ ಕೊರೋನಾ ಕಾಲದಲ್ಲೇ ಬೆಲೆ ಹೋಯಿತು. 2021ರ ಜೂನ್‌ನಲ್ಲಿ ಇದೇ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ, ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಷ್ಟು ಕಷ್ಟಪಟ್ಟು ಮಕ್ಕಳ ಕೈಗೆ ಕೊಟ್ಟ ಫೋನನ್ನು ಈಗ ಕಿತ್ತುಕೊಳ್ಳಿ ಎಂದರೆ ಯಾರು ಕೇಳುತ್ತಾರೆ? ವಾಟ್ಸಾಪ್‌ಗೆ ಕನಿಷ್ಠ ವಯಸ್ಸು 13. ಆದರೆ ಐದನೆಯ ತರಗತಿಯ ಹೋಂವರ್ಕ್ ಅಮ್ಮನ ನಂಬರಿನ ಗ್ರೂಪಿಗೆ ಬರುತ್ತದೆ.

ತಂತ್ರಜ್ಞಾನ ಕಲಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಧ್ಯಮ ಹಂತದಲ್ಲೇ ಕೋಡಿಂಗ್ ಬೇಕೆನ್ನುತ್ತದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. 6ರಿಂದ 12ನೇ ತರಗತಿಯವರು ಅಲ್ಲಿ ಸೆನ್ಸರ್, ತ್ರಿಡಿ ಪ್ರಿಂಟರ್‌ಗಳಲ್ಲಿ ಕೈಯಾಡಿಸುತ್ತಾರೆ. ಒಳ್ಳೆಯದೇ. ಆದರೆ ರೋಬೋ ಓಡಿಸಬಲ್ಲ ಹುಡುಗನಿಗೆ ಎಪಿಕೆ ಫೈಲ್ ಎಂದರೇನು ಎಂಬುದೂ ಗೊತ್ತಿರಬೇಕು.

ಮದುವೆ ಕಾಗದವೆಂದೋ ಟ್ರಾಫಿಕ್ ದಂಡದ ಚಲನ್ ಎಂದೋ ವಾಟ್ಸಾಪ್‌ಗೆ ಒಂದು ಫೈಲ್ ಬರುತ್ತದೆ. ಹೆಸರಿನ ತುದಿಯಲ್ಲಿ ಎಪಿಕೆ ಎಂದಿದ್ದರೆ ಅದು ಕಾಗದವೂ ಅಲ್ಲ, ಚಿತ್ರವೂ ಅಲ್ಲ. ಪ್ಲೇ ಸ್ಟೋರ್‌ನ ಹೊರಗಿಂದ ಬಂದ ಆ್ಯಪ್. ಇನ್‌ಸ್ಟಾಲ್ ಆದ ಕೂಡಲೇ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದರೆ ಬ್ಯಾಂಕಿನ ಓಟಿಪಿ ವಂಚಕನಿಗೂ ಸಿಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಮನೆಮಂದಿಗೆ ಎಷ್ಟು ಕಲಿಸಿದರೂ ಇಲ್ಲಿ ಪ್ರಯೋಜನವಿಲ್ಲ, ಯಾರೂ ಏನೂ ಹೇಳಿಯೇ ಇಲ್ಲವಲ್ಲ! ಯಾವ ಆ್ಯಪ್‌ಗೆ ಎಸ್ಸೆಮ್ಮೆಸ್ ಅನುಮತಿ ಇದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡುವುದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ ಎಂಬುದನ್ನು ಎರಡು ಫೋನುಗಳ ನಡುವೆ ಒಂದು ರೂಪಾಯಿ ಕಳಿಸಿ ತೋರಿಸಿದರೆ ಸಾಕು.

ಪಿಯುಸಿ ಮೆಟ್ಟಿಲೇರಿದವರಿಗೆ ಬೇರೆ ಬಲೆಯಿದೆ. ‘ನಿನ್ನ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇನೆ’ ಎಂಬ ಮಾತಿಗೆ ಮರುಳಾಗಿ ಪಾಸ್‌ಬುಕ್, ಸಿಮ್ ಒಪ್ಪಿಸಿದರೆ ಕದ್ದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಮೊದಲು ಹುಡುಕಿ ಬರುವುದು ಖಾತೆದಾರನನ್ನು.

ಕಾನೂನೂ ಬರುತ್ತಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸಾಮಾಜಿಕ ಜಾಲತಾಣದ ಖಾತೆ ನಿಷೇಧಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ಗುಂಡಿಯನ್ನು ಅಮ್ಮನ ಪರವಾಗಿ ಮಗನೇ ಒತ್ತುವ ಮನೆಗಳನ್ನು ಕಾಯ್ದೆ ಬರೆದವರು ನೋಡಿದಂತಿಲ್ಲ.

ಎಲ್ಲಕ್ಕಿಂತ ದುಬಾರಿಯಾಗುವುದು ಮೋಸ ಹೋದದ್ದನ್ನು ಮುಚ್ಚಿಡುವುದು. ಬೈಗುಳಕ್ಕೆ ಹೆದರಿ ಮಗು ಒಂದು ರಾತ್ರಿ ಸುಮ್ಮನಿದ್ದರೆ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿದರೆ ಬ್ಯಾಂಕುಗಳು ಅದನ್ನು ದಾರಿಯಲ್ಲೇ ತಡೆಹಿಡಿಯಲು ಅವಕಾಶವಿದೆ. ಫೋಟೋ ಹಿಡಿದುಕೊಂಡು ಬೆದರಿಸುವವರಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. 18 ತುಂಬದವರ ನಗ್ನ ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಅದಕ್ಕೆ ಚಿತ್ರವನ್ನೇ ಕಳಿಸಬೇಕಾಗಿಲ್ಲ, ಅದರ ಡಿಜಿಟಲ್ ಗುರುತು ಸಾಕು.

ಪೊಲೀಸ್ ಲೆಕ್ಕದಲ್ಲಿ ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ, ಮೂಡುಬಿದಿರೆ ಮಂಗಳೂರು ಕಮಿಷನರ್ ವ್ಯಾಪ್ತಿಗೆ. 1930ಕ್ಕೆ ಆ ಗಡಿಯ ಹಂಗಿಲ್ಲ. ಹಣ ಹೋದ ಖಾತೆ, ವ್ಯವಹಾರದ ಸಂಖ್ಯೆ, ಹೋದ ಹೊತ್ತು ಇಷ್ಟನ್ನು ಬರೆದಿಟ್ಟುಕೊಂಡು ಕರೆ ಮಾಡಬೇಕು, ಮೆಸೇಜುಗಳನ್ನು ಅಳಿಸಬಾರದು.