ಚಾರ್ ಸಿಯು: ಕೆಂಡದ ಅಡಿಗೆಯಲ್ಲಿ ಭೌತವಿಜ್ಞಾನ

ಹಾಂಗ್‌ಕಾಂಗಿನ ಬೀದಿಗಳಲ್ಲಿ, ಸುಟ್ಟ ಮಾಂಸವನ್ನು ಮಾರುವ ಅಂಗಡಿಗಳ ಗಾಜಿನ ಹಿಂದೆ, ಕೆಂಪಗೆ ಹೊಳೆಯುವ ಹಂದಿಮಾಂಸದ ಪಟ್ಟಿಗಳು ಕೊಕ್ಕೆಗಳಿಂದ ತೂಗಾಡುತ್ತಿರುತ್ತವೆ. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಈ ಭಕ್ಷ್ಯಕ್ಕೆ ‘ಚಾರ್ ಸಿಯು’ ಎಂದು ಹೆಸರು. ಕವಲು ಸಲಾಕೆಗೆ ಸಿಕ್ಕಿಸಿ ಸುಟ್ಟದ್ದು ಎಂಬುದು ಅದರ ಅರ್ಥ. ಮನೆಯ ವಿದ್ಯುತ್ ಓವನ್ನಿನಲ್ಲಿಯೂ ಇದನ್ನು ಮಾಡಬಹುದು. ಆದರೆ ಶಾಖದ ನಡಿಗೆಯನ್ನೂ ಉಪ್ಪಿನ ನಡಿಗೆಯನ್ನೂ ಅರಿತಿರಬೇಕು.

ಕೊಬ್ಬಿನ ಎಳೆಗಳು ಬೆರೆತ ಹೆಗಲಿನ ಭಾಗ ಇದಕ್ಕೆ ಶ್ರೇಷ್ಠ. ಅದನ್ನು ಸುಮಾರು ೪ ಸೆಂಟಿಮೀಟರು ದಪ್ಪದ ಉದ್ದ ಪಟ್ಟಿಗಳಾಗಿ ಕೊಯ್ಯುವರು. ಇದು ಬರಿಯ ಅಂದಕ್ಕಾಗಿ ಅಲ್ಲ. ಹೊರಮೈಗೆ ತಾಗಿದ ಶಾಖವು ನಡುವನ್ನು ಮುಟ್ಟಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುವುದು. ಅಷ್ಟರಲ್ಲಿ ಹೊರಗಿನ ಸಕ್ಕರೆ ಕರಿಕಾಗಿ ಹೋಗಿರುತ್ತದೆ.

ಉಪ್ಪಿಗೂ ಇದೇ ವರ್ಗನಿಯಮ. ಆದರೆ ಅದರ ವಿಸರಣ ಶಾಖಕ್ಕಿಂತ ನೂರಾರು ಪಟ್ಟು ನಿಧಾನ. ಸೋಯಾ ರಸ, ಸಕ್ಕರೆ, ಅಕ್ಕಿಯ ಮದ್ಯ, ಬೆಳ್ಳುಳ್ಳಿ, ಹಾಯ್ಸಿನ್ ಎಂಬ ಸೋಯಾ ಗೊಜ್ಜು, ಚಕ್ರಮೊಗ್ಗು ಮೊದಲಾದ ಐದು ಸಂಬಾರಗಳ ಪುಡಿ, ಇವುಗಳ ಮಿಶ್ರಣದಲ್ಲಿ ಮಾಂಸವನ್ನು ರಾತ್ರಿಯೆಲ್ಲ ರೆಫ್ರಿಜರೇಟರಿನಲ್ಲಿ ನೆನೆಯಿಡುವುದು ಇದಕ್ಕಾಗಿಯೇ. ಅಷ್ಟಾದರೂ ಉಪ್ಪು ಒಳಹೋಗುವುದು ಕೆಲವೇ ಮಿಲಿಮೀಟರು. ದೊಡ್ಡ ಅಣುಗಳುಳ್ಳ ಬಣ್ಣವಂತೂ ಅಂಚಿನಲ್ಲೇ ನಿಂತುಬಿಡುತ್ತದೆ. ಸಾಂಪ್ರದಾಯಿಕವಾಗಿ ಈ ಕೆಂಪು ಮೊನಾಸ್ಕಸ್ ಎಂಬ ಬೂಷ್ಟನ್ನು ಬೆಳೆಸಿದ ಅಕ್ಕಿಯಿಂದ ಬರುತ್ತದೆ. ಈಗ ಅನೇಕರು ಕೃತಕ ಬಣ್ಣವನ್ನು ಸೇರಿಸುವರು. ಕೃತಕ ಬಣ್ಣವನ್ನು ಬಿಟ್ಟರೆ ರುಚಿಗೇನೂ ನಷ್ಟವಿಲ್ಲ.

ಇನ್ನು ಬೆಂಕಿಯ ವಿಚಾರ. ವಿಕಿರಣದಿಂದ ಹೊರಡುವ ಶಾಖವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂದು ವಿದ್ಯಾರ್ಥಿಗಳು ಓದಿರಬಹುದು. ೮೦೦ ಡಿಗ್ರಿ ಸೆಂಟಿಗ್ರೇಡಿನ ಕೆಂಡವು ೨೦೦ ಡಿಗ್ರಿಯ ಓವನ್ ಗೋಡೆಗಿಂತ, ಸಮ ವಿಸ್ತೀರ್ಣಕ್ಕೆ, ಸುಮಾರು ೨೬ ಪಟ್ಟು ಹೆಚ್ಚು ಶಾಖವನ್ನು ಸೂಸುತ್ತದೆ. ಓವನ್ನಿನಲ್ಲಿ ಅಂಚುಗಳು ಕಪ್ಪೇರದಿರುವುದು ಇದರಿಂದಲೇ. ಕೊನೆಯ ಕೆಲವು ನಿಮಿಷ ಮೇಲಿನ ಕಾಯಿಸುವ ಸುರುಳಿಯ ಸಮೀಪಕ್ಕೆ ಮಾಂಸವನ್ನು ತಂದರೆ ಈ ಕೊರತೆ ಬಹುಮಟ್ಟಿಗೆ ತೀರುತ್ತದೆ. ಪಟ್ಟಿಗಳನ್ನು ತಂತಿಜಾಲರಿಯ ಮೇಲಿರಿಸಿ, ಕೆಳಗಿನ ತಟ್ಟೆಯಲ್ಲಿ ನೀರು ತುಂಬತಕ್ಕದ್ದು. ನೀರಿರುವವರೆಗೆ ತಟ್ಟೆ ೧೦೦ ಡಿಗ್ರಿಯನ್ನು ಹೆಚ್ಚಾಗಿ ಮೀರದು. ತೊಟ್ಟಿಕ್ಕಿದ ಸಕ್ಕರೆಯೂ ಕೊಬ್ಬೂ ಹೊತ್ತಿ ಮನೆ ಹೊಗೆಯಾಗುವುದು ತಪ್ಪುವುದು.

ಮಾಂಸದ ಮೈಗೂ ಅದೇ ಕಟ್ಟಳೆ. ತೇವವಿರುವಷ್ಟು ಕಾಲ ಅದು ಕಂದಾಗದು. ಮೈ ಒಣಗಿ ಸುಮಾರು ೧೪೦ ಡಿಗ್ರಿಗೇರಿದಾಗ ಅಮೈನೊ ಆಮ್ಲಗಳೂ ಕೆಲವು ಸಕ್ಕರೆಗಳೂ ವೇಗವಾಗಿ ಸಂಯೋಗಗೊಂಡು ಕಂದುಬಣ್ಣವೂ ಸುವಾಸನೆಯೂ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಾಮೀಲ್ ಮೇಯಾರ್ ೧೯೧೨ರಲ್ಲಿ ವರ್ಣಿಸಿದ ಕ್ರಿಯೆ ಇದು. ಹೊಳಪಿಗಾಗಿ ಸವರುವ ಮಾಲ್ಟೋಸ್ ಪಾಕ ಇದರಲ್ಲಿ ನೇರವಾಗಿ ಪಾಲ್ಗೊಳ್ಳಬಲ್ಲುದು. ನಮ್ಮ ಕಬ್ಬಿನ ಸಕ್ಕರೆ ಮೊದಲು ಒಡೆಯಬೇಕು. ಮಾಲ್ಟೋಸ್ ದೊರೆಯದಿದ್ದರೆ ಜೇನು ಸಾಕು. ಅದನ್ನು ಕೊನೆಯ ಹತ್ತು ನಿಮಿಷಗಳಲ್ಲಿ ಮಾತ್ರ ಸವರಬೇಕು.

ಇಲ್ಲಿ ಕಣ್ಣು ಮೋಸಹೋಗುವ ಅಪಾಯವುಂಟು. ಸೋಯಾ ಮತ್ತು ಸಕ್ಕರೆಗಳಿಂದ ಹೊರಮೈ ಬೇಗನೆ ಬೆಂದಂತೆ ತೋರುವುದು; ನಡುವು ಹಸಿಯಾಗಿಯೇ ಇರಬಹುದು. ಸೋಂಕಿದ ಹಂದಿಯ ಅರೆಬೆಂದ ಮಾಂಸದಿಂದ ಲಾಡಿಹುಳು ಕರುಳನ್ನು ಸೇರುತ್ತದೆ. ಅದನ್ನು ಹೊತ್ತವರ ಮಲದಲ್ಲಿನ ಮೊಟ್ಟೆಗಳು ಆಹಾರದ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿನಲ್ಲಿ ನೆಲೆಸಿ ಅಪಸ್ಮಾರಕ್ಕೆ ಕಾರಣವಾಗಬಲ್ಲವು. ಆದುದರಿಂದ ಉಷ್ಣಮಾಪಕದ ಮೊನೆಯನ್ನು ಅತಿ ದಪ್ಪ ಪಟ್ಟಿಯ ನಡುವಿಗೆ ಚುಚ್ಚಿ ನೋಡಬೇಕು. ಅಮೆರಿಕದ ಕೃಷಿ ಇಲಾಖೆ ೨೦೧೧ರಲ್ಲಿ ಇಡಿಯ ತುಂಡುಗಳಿಗೆ ವಿಧಿಸಿದ ಮಿತಿ ೬೩ ಡಿಗ್ರಿ, ಬಳಿಕ ಮೂರು ನಿಮಿಷಗಳ ವಿಶ್ರಾಂತಿ. ಹೆಗಲಿನ ಮಾಂಸ ೭೦ ದಾಟಿದರೆ ಇನ್ನೂ ಮೆತ್ತಗಾಗುವುದು. ಹಸಿಮಾಂಸ ನೆನೆದ ರಸವನ್ನು ಕುದಿಸದೆ ಬೆಂದ ಮಾಂಸಕ್ಕೆ ಸವರಕೂಡದು.

ಓವನ್ನಿನಿಂದ ತೆಗೆದೊಡನೆ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿಯುವುದು. ಹತ್ತು ನಿಮಿಷ ತಡೆದು, ಎಳೆಗಳಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದು, ಬಿಸಿ ಅನ್ನದ ಮೇಲೆ ಬಡಿಸುವುದು ಅಲ್ಲಿಯ ಪದ್ಧತಿ.